ಊರ ಚುನಾವಣೆಗೆ 1, 2, 3 ಅಂತ ಪ್ರಾಶಸ್ತ್ಯ ಮತ: ದುಡ್ಡು ಉಳಿಯುತ್ತಾ, ತಲೆನೋವು ಜಾಸ್ತಿಯಾಗುತ್ತಾ?

ಸಿಯಾಟಲ್_ಸೊಸೆ
ಎಲ್ಲರಿಗೂ ನಮಸ್ಕಾರ. ನಮ್ಮ ಸಿಯಾಟಲ್‌ನಲ್ಲಿ 2027ರಿಂದ ನಗರದ ಪ್ರೈಮರಿಗೆ, ಅಂದರೆ ಕೊನೆಯ ಚುನಾವಣೆಗೆ ಮುಂಚೆ ಅಭ್ಯರ್ಥಿಗಳನ್ನು ಸೋಸುವ ಚುನಾವಣೆಗೆ, ರ‍್ಯಾಂಕ್ಡ್ ಚಾಯ್ಸ್ ವೋಟಿಂಗ್ ಬರುತ್ತಿದೆ. ಅಂದರೆ ಒಬ್ಬರಿಗೆ ಮಾತ್ರ ಗುರುತು ಹಾಕುವ ಬದಲು ಮೊದಲ ಇಷ್ಟ ಇವರು, ಎರಡನೆಯದು ಅವರು ಅಂತ ಸಾಲಾಗಿ ಹೇಳುವುದು. ಎಣಿಸುವಾಗ ಕಡಿಮೆ ಮತದವರನ್ನು ಒಬ್ಬೊಬ್ಬರಾಗಿ ತೆಗೆದು, ಅವರ ಮತಗಳನ್ನು ಮುಂದಿನ ಆಯ್ಕೆಯವರಿಗೆ ಸೇರಿಸುತ್ತಾರೆ. 2022ರ ನವೆಂಬರ್‌ನಲ್ಲಿ ಜನರೇ ಮತ ಹಾಕಿ ತಂದುಕೊಂಡ ಪದ್ಧತಿ ಇದು. ಈಗಿನ ರೀತಿ ಬದಲಾಗಬೇಕಾ ಅನ್ನುವ ಪ್ರಶ್ನೆ ಆಗ ಕೂದಲೆಳೆ ಅಂತರದಲ್ಲಿ ಪಾಸಾಗಿತ್ತು. ನಾನಿನ್ನೂ ಸಿಟಿಜನ್ ಆಗಿರಲಿಲ್ಲ, ತಲೆ ಕೆಡಿಸಿಕೊಳ್ಳಲಿಲ್ಲ. ಈಗ ಆಗಿದ್ದೇನೆ, ಕೆಡಿಸಿಕೊಳ್ಳಲೇಬೇಕು.

ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ದಿನಾ ಇದೇ ಜಗಳ. ಒಬ್ಬರು "ಒಂದೇ ಚುನಾವಣೆಯಲ್ಲಿ ಮುಗಿಯುತ್ತೆ, ಎಷ್ಟು ದುಡ್ಡು ಉಳಿಯುತ್ತೆ ಗೊತ್ತಾ" ಅಂತಾರೆ. ಇನ್ನೊಬ್ಬರು "ಎಣಿಕೆಗೆ ಎರಡು ವಾರ ಬೇಕು, ಹೊಸ ಸಾಫ್ಟ್‌ವೇರ್ ಬೇಕು, ಜನರಿಗೆ ಪಾಠ ಹೇಳಬೇಕು, ಉಳಿಯೋದೆಲ್ಲಿ" ಅಂತಾರೆ. ನಮ್ಮ ಯಜಮಾನರದ್ದು ಮೂರನೇ ವಾದ: ಎರಡನೇ ಆಯ್ಕೆ ಬರೆದರೆ ನಮ್ಮ ಮೊದಲನೆಯವನ ತಲೆ ಮೇಲೆ ನಾವೇ ಕಲ್ಲು ಹಾಕಿದ ಹಾಗಂತೆ.

ಇದನ್ನು ಈಗಾಗಲೇ ಬಳಸಿದ ಊರಲ್ಲಿ ಇರುವವರು ದಯವಿಟ್ಟು ಹೇಳಿ. ಏನು ಸಿಕ್ಕಿತು, ಏನು ಕಳೆದುಕೊಂಡಿರಿ? ಪಕ್ಷ ರಾಜಕೀಯ ಬೇಡ ಪ್ಲೀಸ್.

ಕ್ವೀನ್ಸ್_ಕೃಷ್ಣ
ದುಡ್ಡಿನ ವಿಷಯ ನ್ಯೂಯಾರ್ಕಿನವರನ್ನು ಕೇಳಿ. 2013ರಲ್ಲಿ ಇಲ್ಲಿ ಪಬ್ಲಿಕ್ ಅಡ್ವೊಕೇಟ್ ಅನ್ನುವ, ಜನರ ಪರವಾಗಿ ನಗರಾಡಳಿತದ ಮೇಲೆ ಕಣ್ಣಿಡುವ ಹುದ್ದೆಗೆ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಯಾರಿಗೂ ಶೇ 40 ಬರಲಿಲ್ಲ. ನಿಯಮದ ಪ್ರಕಾರ ಮೊದಲಿಬ್ಬರ ನಡುವೆ ಮತ್ತೊಂದು ಚುನಾವಣೆ, ಅಂದರೆ ರನ್‌ಆಫ್. ಖರ್ಚು ಸುಮಾರು 1.3 ಕೋಟಿ ಡಾಲರ್. ಆ ಹುದ್ದೆಯ ಇಡೀ ವರ್ಷದ ಬಜೆಟ್ ಸುಮಾರು 23 ಲಕ್ಷ ಡಾಲರ್! ಗಂಟೆ ಕಟ್ಟೋಕೆ ದೇವಸ್ಥಾನ ಮಾರಿದ ಹಾಗೆ. ವೋಟು ಹಾಕಲು ಬಂದವರು ಹತ್ತಿರ ಹತ್ತಿರ 2 ಲಕ್ಷ ಜನ, ಪಟ್ಟಿಯಲ್ಲಿದ್ದ ಡೆಮಾಕ್ರಟ್‌ಗಳು 30 ಲಕ್ಷದ ಆಸುಪಾಸು.

ಆ ಕಥೆ ಜನರಿಗೆ ನೆನಪಿತ್ತು. 2019ರಲ್ಲಿ ರ‍್ಯಾಂಕ್ಡ್ ಚಾಯ್ಸ್ ಬೇಕಾ ಅಂತ ಕೇಳಿದಾಗ ಶೇ 73ಕ್ಕೂ ಹೆಚ್ಚು ಜನ ಹೂಂ ಅಂದರು. ನಾನೂ ಅಂದೆ.

ಹಳೇ_ಹುಲಿ
ಅರ್ಧ ಕಥೆ ಹೇಳಿದಿರಿ ಕೃಷ್ಣ ಅವರೇ. ಆಮೇಲೆ 2021ರಲ್ಲಿ ಈ ಹೊಸ ಪದ್ಧತಿಯನ್ನು ಜನರಿಗೆ ತಿಳಿಸೋಕೆ ನಿಮ್ಮ ನಗರ 1.5 ಕೋಟಿ ಡಾಲರ್ ಎತ್ತಿಟ್ಟಿತಲ್ಲ, ಅದನ್ನು ಯಾಕೆ ಬಿಟ್ಟಿರಿ? 1.3 ಕೋಟಿ ಉಳಿಸೋಕೆ 1.5 ಕೋಟಿ ಖರ್ಚು. ಭಲೇ.

ಕ್ವೀನ್ಸ್_ಕೃಷ್ಣ
ಅದು ಮೊದಲ ವರ್ಷದ ಖರ್ಚು ಸ್ವಾಮಿ. ಸೈಕಲ್ ಕಲಿಯುವಾಗ ಮೊಣಕಾಲು ಒಂದೇ ಸಲ ತರಚೋದು. ಪ್ರತಿ ಸಲ ಯಾರೂ ಅಷ್ಟು ಸುರಿಯೋದಿಲ್ಲ.

ಹಳೇ_ಹುಲಿ
ಪ್ರತಿ ಸಲ ಹೊಸ ಮತದಾರರು ಬರುತ್ತಾರಲ್ಲ, ಅವರ ಮೊಣಕಾಲು?

ಟಕೋಮ_ತಮ್ಮಯ್ಯ
ಸೊಸೆ ಮೇಡಂ, ನಿಮ್ಮ ವಾಟ್ಸಾಪ್ ಗುಂಪಿನ "ಒಂದೇ ಚುನಾವಣೆಯಲ್ಲಿ ಮುಗಿಯುತ್ತೆ" ಮಹಾಶಯರಿಗೆ ಒಂದು ಮಾತು ಹೇಳಿಬಿಡಿ. ಸಿಯಾಟಲ್‌ನಲ್ಲಿ ಅದು ಮುಗಿಯೋದೇ ಇಲ್ಲ. ನಿಮಗೆ ಬರುತ್ತಿರುವುದು ಪ್ರೈಮರಿಗೆ ಮಾತ್ರ. ಆಗಸ್ಟ್‌ನಲ್ಲಿ ರ‍್ಯಾಂಕ್ ಮಾಡಿ, ಕೆಳಗಿನವರನ್ನು ಒಬ್ಬೊಬ್ಬರಾಗಿ ತೆಗೆದು, ಕೊನೆಗೆ ಇಬ್ಬರನ್ನು ಉಳಿಸುತ್ತಾರೆ. ಆ ಇಬ್ಬರಿಗೆ ನವೆಂಬರ್‌ನಲ್ಲಿ ಮಾಮೂಲಿ ಚುನಾವಣೆ. ಅಂದರೆ ಎರಡು ಚುನಾವಣೆ ಇದ್ದದ್ದು ಎರಡೇ. ನ್ಯೂಯಾರ್ಕಿನ ಉಳಿತಾಯದ ಲೆಕ್ಕ ಇಲ್ಲಿಗೆ ಅಂಟೋದಿಲ್ಲ. ಓಕ್ಲೆಂಡ್, ಸ್ಯಾನ್ ಫ್ರಾನ್ಸಿಸ್ಕೋ, ಮಿನಿಯಾಪೊಲಿಸ್ ಇವರೆಲ್ಲ ಒಂದು ಸುತ್ತನ್ನೇ ಕಿತ್ತುಹಾಕಿದರು. ಹಾಗಾಗಿ ಅವರಿಗೆ ಉಳಿಯಿತು.

ನಮ್ಮ ಪಕ್ಕದ ಕಥೆಯೂ ಇದೆ. ಟಕೋಮ ಇರುವ ಪಿಯರ್ಸ್ ಕೌಂಟಿ 2006ರಲ್ಲಿ ಇದನ್ನು ಒಪ್ಪಿ, 2008ರಲ್ಲಿ ಬಳಸಿ, 2009ರಲ್ಲಿ ಜನರ ವೋಟಿನಿಂದಲೇ ಕೈಬಿಟ್ಟಿತು. ಅಷ್ಟರಲ್ಲಿ ರಾಜ್ಯದಲ್ಲಿ ಮೊದಲಿಬ್ಬರು ಮುಂದಕ್ಕೆ ಹೋಗುವ ಪ್ರೈಮರಿ ಬಂದಿತ್ತು, ಇದ್ಯಾಕೆ ಮತ್ತೊಂದು ಅಂತ ಜನಕ್ಕೆ ಅನ್ನಿಸಿತು.

ಸಿಯಾಟಲ್_ಸೊಸೆ
ಅಯ್ಯೋ ಹೌದಲ್ವಾ! ಇದನ್ನು ನಾನು ಗಮನಿಸಿಯೇ ಇರಲಿಲ್ಲ. ಹಾಗಾದರೆ ನಮಗೆ ಲಾಭ ಏನು?

ಟಕೋಮ_ತಮ್ಮಯ್ಯ
ಒಂದೇ ಲಾಭ. ಒಂದೇ ಬಗೆಯ ಅಭಿಪ್ರಾಯದ ಐದು ಜನ ನಿಂತು ಮತ ಹಂಚಿಕೊಂಡು ಐದೂ ಜನ ಆಗಸ್ಟ್‌ನಲ್ಲೇ ಮನೆಗೆ ಹೋಗೋದು ತಪ್ಪುತ್ತೆ. ಅದು ಸಣ್ಣ ಲಾಭ ಅಲ್ಲ. ಆದರೆ ಅದನ್ನು ಉಳಿತಾಯ ಅಂತ ಮಾರಬೇಡಿ.

ಓಕ್ಲೆಂಡ್_ಊರ್ಮಿಳಾ
ಯಜಮಾನರ ಕಲ್ಲಿನ ವಾದಕ್ಕೆ ಉತ್ತರ: ಇಲ್ಲ. ನಿಮ್ಮ ಮೊದಲನೆಯವರು ಕಣದಲ್ಲಿ ಇರುವ ತನಕ ನಿಮ್ಮ ಎರಡನೇ ಆಯ್ಕೆಯನ್ನು ಯಾರೂ ತೆರೆದೇ ನೋಡೋದಿಲ್ಲ. ಅವರು ಔಟಾದ ಮೇಲಷ್ಟೇ ಅದಕ್ಕೆ ಜೀವ.

ನಮ್ಮೂರಿನ ಅನುಭವ ಉದ್ದ ಇದೆ. 2010ರ ಮೇಯರ್ ಚುನಾವಣೆಯಲ್ಲಿ ಡಾನ್ ಪೆರಾಟಾ ಮೊದಲ ಸುತ್ತಲ್ಲಿ ಶೇ 34ರ ಹತ್ತಿರ, ಜೀನ್ ಕ್ವಾನ್ ಶೇ 24ರಷ್ಟು. ಪೆರಾಟಾ ಬೆಂಬಲಿಗರು ಗೆದ್ದೆವು ಅಂತಲೇ ಇದ್ದರು. ಕ್ವಾನ್ ಮಾತ್ರ ಬೇರೆಯವರ ಬೆಂಬಲಿಗರ ಮನೆ ಬಾಗಿಲಿಗೂ ಹೋಗಿ "ನಿಮ್ಮ ಮೊದಲನೆಯದು ಅವರಿಗೇ ಇರಲಿ, ಎರಡನೆಯದು ನನಗೆ ಕೊಡಿ" ಅಂತ ಕೇಳಿದ್ದರು. ಕೊನೆಯ ಸುತ್ತಿನಲ್ಲಿ ಶೇ 51-49ರಲ್ಲಿ ಗೆದ್ದರು. ಅವತ್ತಿನಿಂದ ಇಲ್ಲಿ ಅಭ್ಯರ್ಥಿಗಳು ಪಕ್ಕದವರನ್ನು ಬೈಯುವ ಮುಂಚೆ ಎರಡು ಸಲ ಯೋಚಿಸುತ್ತಾರೆ. ಬೈಯೋದೇ ಇಲ್ಲ ಅಂತಲ್ಲ. ಬೈಗುಳಕ್ಕೆ ಬೇರೆಯವರನ್ನು ಬಾಡಿಗೆಗೆ ಇಡುತ್ತಾರೆ 😄

2022ರಲ್ಲಿ ಮತ್ತೆ ಹಾಗೇ. ಮೊದಲ ಸುತ್ತಲ್ಲಿ ಲೋರೆನ್ ಟೇಲರ್ ಮುಂದೆ, ಕೊನೆಯಲ್ಲಿ ಶೆಂಗ್ ಥಾವ್ 677 ಮತಗಳಿಂದ ಗೆದ್ದರು. ಎರಡು ವರ್ಷಕ್ಕೆ ಅವರನ್ನು ಜನ ರೀಕಾಲ್ ಮಾಡಿ, ಅಂದರೆ ಅವಧಿಗೆ ಮುಂಚೆಯೇ ಮತ ಹಾಕಿ ಇಳಿಸಿದರು. ಅದಕ್ಕೂ ರ‍್ಯಾಂಕ್ಡ್ ಚಾಯ್ಸ್‌ಗೂ ಸಂಬಂಧ ಇದೆ ಅನ್ನುವವರು ಇದ್ದಾರೆ, ನಾನು ಒಪ್ಪೋದಿಲ್ಲ. ಆದರೆ "ಮೊದಲು ಬಂದವನು ಸೋತ" ಅನ್ನುವ ಕಹಿ ಊರಲ್ಲಿ ಉಳಿಯುತ್ತೆ, ಅದು ನಿಜ.

ಹಳೇ_ಹುಲಿ
ಅದೇ ಊರಿನ ಶಾಲಾ ಮಂಡಳಿ ಕಥೆಯನ್ನೂ ಹೇಳಿಬಿಡಿ ಊರ್ಮಿಳಾ ಅವರೇ.

ಓಕ್ಲೆಂಡ್_ಊರ್ಮಿಳಾ
ಹೇಳುತ್ತೇನೆ, ಮುಚ್ಚಿಡುವಂಥದ್ದೇನಿಲ್ಲ. ಅದೇ 2022ರಲ್ಲಿ ಶಾಲಾ ಮಂಡಳಿಯ 4ನೇ ಜಿಲ್ಲೆಯಲ್ಲಿ ಗೆಲ್ಲದವರನ್ನು ಗೆದ್ದವರು ಅಂತ ಅಧಿಕೃತವಾಗಿ ಘೋಷಿಸಿಬಿಟ್ಟರು. ಕಾರಣ ಕೇಳಿದರೆ ನಗು ಬರುತ್ತೆ. ಕೆಲವರು ಮೊದಲನೇ ಸಾಲು ಖಾಲಿ ಬಿಟ್ಟು ಎರಡನೇ ಸಾಲಿನಿಂದ ಗುರುತು ಹಾಕಿದ್ದರು. ನಿಯಮದ ಪ್ರಕಾರ ಅವರ ಎರಡನೆಯದನ್ನೇ ಮೇಲಕ್ಕೆ ಎತ್ತಿಕೊಂಡು ಮೊದಲ ಸುತ್ತಿನಲ್ಲೇ ಎಣಿಸಬೇಕು. ಕೌಂಟಿಯ ಯಂತ್ರದ ಸೆಟ್ಟಿಂಗ್‌ನಲ್ಲಿ ಅವನ್ನು ಆ ಸುತ್ತಿಗೆ ಬದಿಗಿಟ್ಟಿದ್ದರು. ಅಷ್ಟೇ. ಒಂದು ಟಿಕ್ ತಪ್ಪು. ಹೊರಗಿನವರು ಮತಪತ್ರಗಳ ದಾಖಲೆ ಕೂತು ಎಣಿಸಿ ನೋಡಿದಾಗ ಡಿಸೆಂಬರ್ ಕೊನೆಗೆ ಸಿಕ್ಕಿಬಿತ್ತು. ಆಮೇಲೆ ಕೋರ್ಟು, ನಿಜವಾಗಿ ಗೆದ್ದವರು ಸೀಟಲ್ಲಿ ಕೂರುವಷ್ಟರಲ್ಲಿ 2023.

ಮಾಮೂಲಿ ಎಣಿಕೆಯಲ್ಲಿ ಇಂಥ ತಪ್ಪಿಗೆ ಜಾಗವೇ ಇಲ್ಲ, ಒಪ್ಪುತ್ತೇನೆ. ಆದರೆ ಎಲ್ಲ ಮತಪತ್ರದ ದಾಖಲೆಯೂ ಹೊರಗೆ ಬಿದ್ದದ್ದರಿಂದ ತಾನೇ ಯಾರೋ ಮನೆಯಲ್ಲಿ ಕೂತು ಹಿಡಿದದ್ದು?

ಮಲೆನಾಡ_ಮಾಣಿ
ಒಂದು ಟಿಕ್ಕಿಗೆ ಒಂದು ಸೀಟು. ಸಾಫ್ಟ್‌ವೇರ್ ಟೆಸ್ಟರ್ ಆಗಿ ಹೇಳ್ತೀನಿ, ಇದು ನಮ್ಮ ದಿನನಿತ್ಯದ ಬದುಕು.

ಕ್ವೀನ್ಸ್_ಕೃಷ್ಣ
ಟೆಸ್ಟಿಂಗ್ ಅಂದ ಕೂಡಲೇ ನೆನಪಾಯ್ತು. 2021ರ ಜೂನ್ 29ಕ್ಕೆ ನಮ್ಮ ಮೇಯರ್ ಪ್ರೈಮರಿಯ ಮೊದಲ ರ‍್ಯಾಂಕ್ ಲೆಕ್ಕ ಬಂತು. ಎರಿಕ್ ಆಡಮ್ಸ್ ಅವರ ಅಂತರ ದಿಢೀರ್ ಕುಸಿದಿತ್ತು. ನೋಡಿದರೆ ಪರೀಕ್ಷೆಗೆ ಅಂತ ಹಾಕಿದ್ದ ಸುಮಾರು 1,35,000 ಡಮ್ಮಿ ಮತಗಳನ್ನು ಅಳಿಸದೇ ನಿಜವಾದ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದರು! ರಾತ್ರೋರಾತ್ರಿ ವಾಪಸ್ ತೆಗೆದರು. ಜೂನ್ 22ಕ್ಕೆ ಮತದಾನ, ಗೆದ್ದವರು ಯಾರು ಅಂತ ಖಾತ್ರಿಯಾಗಿ ಗೊತ್ತಾದದ್ದು ಜುಲೈ 6ಕ್ಕೆ. ನಾನು ಈ ಪದ್ಧತಿಯ ಪರ. ಆದರೂ ಆ ಎರಡು ವಾರ ಆಫೀಸಲ್ಲಿ ತಲೆ ಎತ್ತೋಕೆ ಆಗಲಿಲ್ಲ.

ನಿವೃತ್ತ_ಮೇಷ್ಟ್ರು
ನೀವೆಲ್ಲ ಅಮೆರಿಕದಲ್ಲಿ ಕೂತು ಇದೇನೋ ಹೊಸ ಆವಿಷ್ಕಾರ ಅನ್ನುವ ಹಾಗೆ ಮಾತಾಡುತ್ತಿದ್ದೀರಿ. ಕರ್ನಾಟಕದ ಪದವೀಧರರು, ಶಿಕ್ಷಕರು ವಿಧಾನ ಪರಿಷತ್ತಿಗೆ ಇದೇ ರೀತಿಯಲ್ಲಿ ಮತ ಹಾಕುತ್ತಿದ್ದಾರಪ್ಪ! 75 ಸೀಟಿನ ಮೇಲ್ಮನೆಯಲ್ಲಿ 7 ಪದವೀಧರ ಕ್ಷೇತ್ರ, 7 ಶಿಕ್ಷಕರ ಕ್ಷೇತ್ರ. ಮೊದಲ ಪ್ರಾಶಸ್ತ್ಯ, ಎರಡನೇ ಪ್ರಾಶಸ್ತ್ಯ ಅಂತ ಪೇಪರಿನಲ್ಲಿ ಓದಿಲ್ಲವೇ? ಗೆಲ್ಲೋಕೆ ಸಿಂಧುವಾದ ಮತದಲ್ಲಿ ಅರ್ಧಕ್ಕಿಂತ ಒಂದಾದರೂ ಜಾಸ್ತಿ ಬೇಕು. ಅದನ್ನೇ ಕೋಟಾ ಅನ್ನುವುದು.

ನಾನು ಒಂದು ಪದವೀಧರ ಕ್ಷೇತ್ರದ ಎಣಿಕೆಗೆ ಹೋಗಿದ್ದೆ. ಯಾವುದು ಅಂತ ಕೇಳಬೇಡಿ. ಯಂತ್ರ ಇಲ್ಲ, ಕಾಗದದ ಮತಪತ್ರ. ಹಾಲ್‌ನಲ್ಲಿ ಉದ್ದಕ್ಕೆ ಮೇಜುಗಳು, ಮೇಜಿನ ಆಚೆ ತಂತಿಬಲೆ, ಬಲೆಯ ಹಿಂದೆ ಏಜೆಂಟರು ಮೂಗು ಒತ್ತಿಕೊಂಡು ನಿಂತಿದ್ದಾರೆ. ಬೆಳಗ್ಗೆ ಎಂಟಕ್ಕೆ ಕೂತವರು ಮೊದಲು ಎಲ್ಲವನ್ನೂ ಬೆರೆಸಿ ಕಟ್ಟು ಕಟ್ಟಿದೆವು. ಆಮೇಲೆ ಸಿಂಧು, ಅಸಿಂಧು ಬೇರೆ ಮಾಡುವುದು. ಅಲ್ಲೇ ನೋಡಿ ನಮ್ಮ ಪದವೀಧರರ ಬಣ್ಣ ಬಯಲಾಗುವುದು. ಮತಗಟ್ಟೆಯಲ್ಲಿ ಕೊಟ್ಟ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಿಂದಲೇ ಬರೆಯಬೇಕು ಅಂತ ಗೋಡೆ ತುಂಬ ಅಂಟಿಸಿದ್ದರೂ ಜೇಬಿನ ನೀಲಿ ಪೆನ್ನು ತೆಗೆದಿದ್ದಾರೆ. ಒಬ್ಬರು ಟಿಕ್ ಹಾಕಿದ್ದಾರೆ. ಒಬ್ಬರು ಇಬ್ಬರಿಗೂ 1 ಕೊಟ್ಟಿದ್ದಾರೆ, ಯಾರಿಗೂ ಬೇಜಾರಾಗಬಾರದು ಅಂತ ಇರಬೇಕು. ಒಬ್ಬ ಮಹಾನುಭಾವರು ಕೆಳಗೆ ಸಹಿ ಮಾಡಿ ಬ್ರಾಕೆಟ್ಟಲ್ಲಿ ಎಂ.ಎ., ಬಿ.ಎಡ್. ಅಂತಲೂ ಬರೆದಿದ್ದರು. ಎಲ್ಲ ಅಸಿಂಧು ಡಬ್ಬಿಗೆ. ಇಂಥವು ಸಾವಿರಗಟ್ಟಲೆ.

ನಂತರ ಶುರು ಒಬ್ಬೊಬ್ಬರನ್ನೇ ಕಣದಿಂದ ತೆಗೆಯುವುದು. ಕೊನೆಯವನ ಕಟ್ಟು ಬಿಚ್ಚಿ, ಒಂದೊಂದರ 2 ಎಲ್ಲಿದೆ ಅಂತ ಹುಡುಕಿ, ಅವರವರ ಡಬ್ಬಿಗೆ ಹಾಕಿ, ಮತ್ತೆ ಎಣಿಸಿ, ಮತ್ತೆ ಕೂಗಿ. ಕೆಲವರಿಗೆ ಸಿಕ್ಕಿದ್ದೇ ಹನ್ನೆರಡು, ಹದಿನೈದು ಮತ. ಅದಕ್ಕೂ ಅದೇ ಶಾಸ್ತ್ರ. ರಾತ್ರಿ ಎರಡು ಗಂಟೆಗೆ ಯಾರೋ ಚಿತ್ರಾನ್ನದ ಪೊಟ್ಟಣ ತಂದರು, ನೇರಳೆ ಬಣ್ಣದ ಬೆರಳಲ್ಲೇ ತಿಂದೆವು. ಫಲಿತಾಂಶ ಬರುವಾಗ ಹೊರಗೆ ಹಾಲಿನವನು ಬಂದಿದ್ದ.

ಸಿಯಾಟಲ್_ಸೊಸೆ
ಮೇಷ್ಟ್ರೇ, ಎಂ.ಎ., ಬಿ.ಎಡ್. ಓದಿ ಕಾಫಿ ನೆತ್ತಿಗೇರಿತು 😂

ಮಲೆನಾಡ_ಮಾಣಿ
ಮೇಷ್ಟ್ರೇ, ಕನ್ನಡ ಅಂಕಿಯಲ್ಲಿ ೧ ಅಂತ ಬರೆದರೆ ಸಿಂಧುವಾ ಅಸಿಂಧುವಾ?

ನಿವೃತ್ತ_ಮೇಷ್ಟ್ರು
ಸಿಂಧು! ೧ ಬರೆಯಬಹುದು, 1 ಬರೆಯಬಹುದು, ರೋಮನ್ ಅಂಕಿಯೂ ನಡೆಯುತ್ತದೆ. ಆದರೆ "ಒಂದು" ಅಂತ ಅಕ್ಷರದಲ್ಲಿ ಬರೆದರೆ ಹೋಯಿತು.

ಹಳೇ_ಹುಲಿ
ನೋಡಿ, ನಾನು ಹೇಳುತ್ತಿದ್ದದ್ದನ್ನು ಮೇಷ್ಟ್ರೇ ಹೇಳಿದರು. ಡಿಗ್ರಿ ಇದ್ದವರೇ ಇಷ್ಟು ಕೆಡಿಸಿದರೆ ಎರಡು ಶಿಫ್ಟ್ ಕೆಲಸ ಮಾಡಿ ಬರುವವನು ಏನು ಮಾಡಬೇಕು? ಒಬ್ಬನ ಬಗ್ಗೆ ತಿಳಿದುಕೊಳ್ಳೋಕೇ ಅವನಿಗೆ ಪುರುಸೊತ್ತಿಲ್ಲ, ನೀವು ಐದು ಜನರನ್ನು ಸಾಲಾಗಿ ನಿಲ್ಲಿಸು ಅಂತೀರಿ. ಇದು ಪೇಪರ್ ಓದುವವರ ಆಟ. ಖರ್ಚು ಅಂದರೆ ಬರೀ ಡಾಲರ್ ಅಲ್ಲ.

ಓಕ್ಲೆಂಡ್_ಊರ್ಮಿಳಾ
ಐದು ತುಂಬಲೇಬೇಕು ಅಂತ ಇಲ್ಲಿ ಯಾರೂ ಹೇಳಿಲ್ಲ. ಒಬ್ಬರಿಗೆ ಹಾಕಿ ಎದ್ದು ಬರಬಹುದು. ಮತ್ತೆ ಪೆನ್ನಿನ ಬಣ್ಣ ಬೇರೆಯಾದರೆ ಅಸಿಂಧು ಅನ್ನೋದು ಆ ನಿಯಮದ ಬಿಗಿ, ರ‍್ಯಾಂಕ್ ಮಾಡುವ ಪದ್ಧತಿಯ ತಪ್ಪಲ್ಲ.

ಹಳೇ_ಹುಲಿ
ಒಬ್ಬರಿಗೆ ಹಾಕಿ ಎದ್ದು ಬಂದವರ ಮತ ಕೊನೆಯ ಸುತ್ತಿಗೆ ಉಳಿಯುತ್ತಾ? ನ್ಯೂಯಾರ್ಕ್ 2021ರ ಕೊನೆಯ ಲೆಕ್ಕ: ಆಡಮ್ಸ್ 4,04,513, ಕ್ಯಾಥರಿನ್ ಗಾರ್ಸಿಯಾ 3,97,316. ಅಂತರ 7,197. ಇವರಿಬ್ಬರಿಗೂ ಸೇರದೆ ನಡುದಾರಿಯಲ್ಲಿ ಉದುರಿಹೋದ ಮತಪತ್ರ 1,40,202. ಎಕ್ಸಾಸ್ಟೆಡ್ ಬ್ಯಾಲಟ್ ಅಂತ ಚಂದದ ಹೆಸರು. ಗೆಲುವಿನ ಅಂತರದ ಹತ್ತೊಂಬತ್ತು ಪಟ್ಟು! ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2010ರಲ್ಲಿ 10ನೇ ಜಿಲ್ಲೆಗೆ 21 ಜನ ನಿಂತಿದ್ದರು, ಆಗ ಮೂರೇ ರ‍್ಯಾಂಕ್ ಕೊಡಬಹುದಿತ್ತು. ಮೊದಲ ಸುತ್ತಲ್ಲಿ ಮೂರನೇ ಸ್ಥಾನದಲ್ಲಿದ್ದವರು 20 ಸುತ್ತು ಆದ ಮೇಲೆ ಗೆದ್ದರು. ಅಷ್ಟರಲ್ಲಿ ಅರ್ಧಕ್ಕಿಂತ ಜಾಸ್ತಿ ಮತಪತ್ರ ಉದುರಿದ್ದವು. ಇದಕ್ಕೆ ಬಹುಮತ ಅನ್ನುತ್ತೀರಾ?

ಕ್ವೀನ್ಸ್_ಕೃಷ್ಣ
ಉದುರಿದ ಮತದ ಲೆಕ್ಕ ಸರಿ. ಆದರೆ ಹೋಲಿಸೋದು ಯಾವುದರ ಜೊತೆ? 2013ರ ರನ್‌ಆಫ್‌ಗೆ ಮನೆಯಿಂದಲೇ ಹೊರಡದ ಲಕ್ಷಾಂತರ ಜನರೂ ಉದುರಿದವರೇ ಅಲ್ವಾ? ಅವರನ್ನು ಯಾರೂ ಎಣಿಸೋದಿಲ್ಲ, ಯಾಕಂದರೆ ಅವರ ಹೆಸರಲ್ಲಿ ಕಾಗದ ಇಲ್ಲ. ಅದೇ ವ್ಯತ್ಯಾಸ.

ಹಳೇ_ಹುಲಿ
ಮನೆಯಲ್ಲಿ ಕೂತವನು ಬೇಡ ಅಂತ ಕೂತ. ಇವನು ಬಂದು, ಸಾಲಲ್ಲಿ ನಿಂತು, ಹಾಕಿ ಹೋದ. ಎರಡೂ ಒಂದೇ ಅಲ್ಲ.

ಕ್ವೀನ್ಸ್_ಕೃಷ್ಣ
ಅದೂ ಒಂದು ಮಾತೇ. ಒಪ್ಪಿದೆ, ಪೂರ್ತಿ ಅಲ್ಲ.

ಮಿನಿಯಾಪೊಲಿಸ್_ಮಂಜ
ಚಳಿ ಊರಿನಿಂದ ವರದಿ. 2013ರಲ್ಲಿ ನಮ್ಮ ಮೇಯರ್ ಚುನಾವಣೆಗೆ 35 ಜನ ನಿಂತಿದ್ದರು, ಹೌದು ಮೂವತ್ತೈದು. ನಾಮಪತ್ರಕ್ಕೆ 20 ಡಾಲರ್, ಒಂದು ಒಳ್ಳೆ ಊಟದ ದುಡ್ಡು. ಸಿನಿಮಾದ ಕಡಲ್ಗಳ್ಳನ ಹೆಸರಿಟ್ಟುಕೊಂಡವನೂ ಒಬ್ಬನಿದ್ದ. ಎಣಿಕೆ 33 ಸುತ್ತು, ಎರಡು ದಿನ. ಯಂತ್ರಕ್ಕೆ ರ‍್ಯಾಂಕ್ ಲೆಕ್ಕ ಬರುತ್ತಿರಲಿಲ್ಲ, ಅಧಿಕಾರಿಗಳು ಸ್ಪ್ರೆಡ್‌ಶೀಟ್ ಇಟ್ಟುಕೊಂಡು ಮಾಡಿದರು. ಮಾರನೇ ವರ್ಷವೇ ಜನ ವೋಟು ಹಾಕಿ ಶುಲ್ಕವನ್ನು 500 ಡಾಲರ್ ಮಾಡಿದರು. ಇದನ್ನು ತರುವ ಊರು ನಾಮಪತ್ರದ ನಿಯಮವನ್ನೂ ಜೊತೆಗೇ ನೋಡಿಕೊಳ್ಳಬೇಕು. ಬಾಗಿಲು ಪೂರ್ತಿ ತೆಗೆದಿಟ್ಟು ಆಮೇಲೆ ಜನ ಜಾಸ್ತಿ ಬಂದರು ಅಂದರೆ ಹೇಗೆ?

ಟಕೋಮ_ತಮ್ಮಯ್ಯ
ಪೋರ್ಟ್‌ಲ್ಯಾಂಡ್ 2024 ನೋಡಿ. ಮೇಯರ್‌ಗೆ 19 ಜನ, ಕೌನ್ಸಿಲ್‌ನ ಒಂದು ಜಿಲ್ಲೆಯಲ್ಲಿ 3 ಸೀಟಿಗೆ 30 ಜನ, ಆರು ರ‍್ಯಾಂಕ್ ತನಕ ಕೊಡಬಹುದು. 30 ಗುಣಿಸು 6, ಅಂದರೆ 180 ಗುಂಡಿ. ಅದು ಮತಪತ್ರವೋ ಹೌಸಿ ಕಾರ್ಡೋ.

ಡಬ್ಲಿನ್_ದೀಪಾ
ಇಲ್ಲಿ ಐರ್ಲೆಂಡಿನಲ್ಲಿ ಎಲ್ಲ ಚುನಾವಣೆಯೂ ಹೀಗೇ. ಸ್ಥಳೀಯ ಕೌನ್ಸಿಲ್‌ಗೆ ಸಿಟಿಜನ್ ಆಗಿರಬೇಕು ಅಂತಲೂ ಇಲ್ಲ, ವಾಸ ಇದ್ದರೆ ಸಾಕು. 2024ರ ಜೂನ್‌ನಲ್ಲಿ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಡಬ್ಲಿನ್‌ನಲ್ಲಿ 1, 2, 3 ಬರೆದು ಬಂದೆ. ಎಣಿಕೆ ಪೂರ್ತಿ ಕೈಯಲ್ಲಿ, ದಿನಗಟ್ಟಲೆ ನಡೆಯುತ್ತೆ. ಯಾರಿಗೂ ಅವಸರ ಇಲ್ಲ, ರೇಡಿಯೋದಲ್ಲಿ ಕ್ರಿಕೆಟ್ ಕಾಮೆಂಟರಿ ತರಹ ಕೇಳುತ್ತಾರೆ.

ಖರ್ಚಿನ ಕಥೆ ಬೇಕಾ? ಬೇಗ ಮುಗಿಸೋಣ ಅಂತ ಈ ಸರ್ಕಾರ 2000ದ ದಶಕದ ಶುರುವಿನಲ್ಲಿ ಸುಮಾರು 7,500 ವೋಟಿಂಗ್ ಯಂತ್ರ ಕೊಂಡಿತು. ಗೋದಾಮಿನ ಬಾಡಿಗೆ ಎಲ್ಲ ಸೇರಿ 5 ಕೋಟಿ ಯೂರೋ ದಾಟಿತು. 2002ರಲ್ಲಿ ಪ್ರಯೋಗಕ್ಕೆ ಅಂತ ಬಳಸಿದ್ದಷ್ಟೇ. ನಂಬಿಕೆ ಬರಲಿಲ್ಲ, ಮೂಲೆಗೆ ಸೇರಿದವು. 2012ರಲ್ಲಿ ಎಲ್ಲವನ್ನೂ ಗುಜರಿಗೆ ಹಾಕಿದರು. ಬಂದದ್ದು 70 ಸಾವಿರ ಯೂರೋ ಚಿಲ್ಲರೆ. ಈಗಲೂ ಪೆನ್ಸಿಲ್ಲೇ ಗತಿ.

ಮಲೆನಾಡ_ಮಾಣಿ
5 ಕೋಟಿ ಯೂರೋ ಗುಜರಿಗೆ 😭 ನಮ್ಮ ಶಿವಾಜಿನಗರಕ್ಕೆ ತಂದಿದ್ದರೆ ಇನ್ನೂ ಒಳ್ಳೆ ರೇಟ್ ಬರುತ್ತಿತ್ತು.

ಮೆಲ್ಬರ್ನ್_ಮುದ್ದಣ್ಣ
ಆಸ್ಟ್ರೇಲಿಯಾದಲ್ಲಿ 1918ರಿಂದ ಇದೇ. ಇಲ್ಲಿ ಪಾರ್ಲಿಮೆಂಟಿನ ಕೆಳಮನೆಗೆ ಎಲ್ಲ ಚೌಕಕ್ಕೂ ಅಂಕಿ ಹಾಕಲೇಬೇಕು, ವೋಟು ಹಾಕದಿದ್ದರೆ ದಂಡ. ಹಾಗಾಗಿ ಹುಲಿಯವರ ಉದುರುವ ಸಮಸ್ಯೆ ಇಲ್ಲ. ಅದರ ಬದಲು ಬೇರೆ ರೋಗ. ಬೇಜಾರಾದವರು ಮೇಲಿನಿಂದ ಕೆಳಕ್ಕೆ 1, 2, 3, 4 ಅಂತ ಸುಮ್ನೆ ಬರೆದು ಹೋಗುತ್ತಾರೆ. ಇದಕ್ಕೆ ಡಾಂಕಿ ವೋಟ್ ಅಂತಲೇ ಹೆಸರು. ಪಟ್ಟಿಯಲ್ಲಿ ಮೊದಲ ಹೆಸರು ಯಾರದ್ದೋ ಅವನಿಗೆ ಲಾಟರಿ.

ಲಂಡನ್_ಲಲಿತ
ಲಂಡನ್ ಮೇಯರ್‌ಗೆ 2000ದಿಂದ 2021ರವರೆಗೆ ಮೊದಲನೇ ಆಯ್ಕೆ, ಎರಡನೇ ಆಯ್ಕೆ ಅಂತ ಎರಡು ಕಾಲಂ ಇತ್ತು. 2022ರಲ್ಲಿ ಕಾಯಿದೆ ಮಾಡಿ ತೆಗೆದರು. 2024ರಲ್ಲಿ ಒಂದೇ ಗುರುತು. ನಗರದವರನ್ನು ಯಾರೂ ಕೇಳಲಿಲ್ಲ.

ಮಿನಿಯಾಪೊಲಿಸ್_ಮಂಜ
ಮೆಂಫಿಸ್‌ದು ಇನ್ನೂ ಕೆಟ್ಟದ್ದು. 2008ರಲ್ಲಿ ಜನ ಬೇಕು ಅಂದರು, 2018ರಲ್ಲಿ ತೆಗೆಯೋಣವಾ ಅಂದಾಗ ಬೇಡ ಅಂದರು, 2022ರಲ್ಲಿ ಟೆನ್ನೆಸ್ಸಿ ರಾಜ್ಯವೇ ನಿಷೇಧಿಸಿತು. ಒಂದು ಸಲವೂ ಬಳಸಲಿಲ್ಲ!

ಜಯನಗರ_ಜಾಣ
ನೀವೆಲ್ಲ ಯಾವ ರೀತಿ ಮತ ಹಾಕೋದು ಅಂತ ಜಗಳ ಆಡುತ್ತಿದ್ದೀರಿ. ನಮ್ಮ ಬೆಂಗಳೂರಿನಲ್ಲಿ ಪಾಲಿಕೆ ಚುನಾವಣೆ ಕೊನೆಗೆ ನಡೆದದ್ದು 2015ರ ಆಗಸ್ಟ್‌ನಲ್ಲಿ. ಆ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿಯಿತು. ಆಮೇಲೆ ಬಿಬಿಎಂಪಿಯೇ ಹೋಗಿ ಐದು ಪಾಲಿಕೆ ಆಯಿತು. ನಮಗೆ ಮೊದಲ ಪ್ರಾಶಸ್ತ್ಯ ಚುನಾವಣೆ, ಎರಡನೇ ಪ್ರಾಶಸ್ತ್ಯ ಕಸದ ಗಾಡಿ.

ನಿವೃತ್ತ_ಮೇಷ್ಟ್ರು
ಜಾಣ ಅವರೇ, ಕಸದ ಗಾಡಿಗೇ ಮೊದಲ ಪ್ರಾಶಸ್ತ್ಯ ಕೊಡಿ.

ಎರಡನೇ ಪ್ರಾಶಸ್ತ್ಯ ಅಂದಾಗ ನನ್ನ ವಯಸ್ಸಿನವರಿಗೆ ನೆನಪಾಗುವುದು 1969. ರಾಷ್ಟ್ರಪತಿ ಚುನಾವಣೆ. ನಮ್ಮ ಎಸ್. ನಿಜಲಿಂಗಪ್ಪನವರು ಕಾಂಗ್ರೆಸ್ ಅಧ್ಯಕ್ಷರು, ಅಧಿಕೃತ ಅಭ್ಯರ್ಥಿ ನೀಲಂ ಸಂಜೀವ ರೆಡ್ಡಿ. ಜನಸಂಘ, ಸ್ವತಂತ್ರ ಪಕ್ಷದವರ ಅಭ್ಯರ್ಥಿ ಸಿ.ಡಿ. ದೇಶಮುಖ್. ನಿಜಲಿಂಗಪ್ಪನವರು ಆ ಪಕ್ಷಗಳ ಹತ್ತಿರ ಎರಡನೇ ಪ್ರಾಶಸ್ತ್ಯ ನಮಗೆ ಕೊಡಿ ಅಂತ ಕೇಳಿದರು. ಅದನ್ನೇ ಹಿಡಿದುಕೊಂಡು ಇಂದಿರಾ ಗಾಂಧಿಯವರ ಕಡೆಯವರು ಪಕ್ಷದ ಮಾತು ಬಿಟ್ಟು ಆತ್ಮಸಾಕ್ಷಿಯ ಮತ ಹಾಕಿ ಅಂದರು, ಪಕ್ಷೇತರರಾಗಿ ನಿಂತಿದ್ದ ವಿ.ವಿ. ಗಿರಿ ಗೆದ್ದರು. ಲೆಕ್ಕ ನೋಡಿ. ಮೊದಲ ಎಣಿಕೆಯಲ್ಲಿ ಗಿರಿ 4,01,515, ರೆಡ್ಡಿ 3,13,548. ಕೊನೆಯಲ್ಲಿ ಗಿರಿ 4,20,077, ರೆಡ್ಡಿ 4,05,427. ಅಂದರೆ ಎರಡನೇ ಪ್ರಾಶಸ್ತ್ಯದಲ್ಲಿ ರೆಡ್ಡಿಯವರಿಗೆ ಬಂದದ್ದು 90 ಸಾವಿರಕ್ಕೂ ಜಾಸ್ತಿ, ಗಿರಿಯವರಿಗೆ 18 ಸಾವಿರ ಚಿಲ್ಲರೆ. ನಿಜಲಿಂಗಪ್ಪನವರು ಕೇಳಿದ್ದು ಸಿಕ್ಕಿತು, ಕೈಲಿದ್ದದ್ದು ಹೋಯಿತು. ವರ್ಷ ತುಂಬುವ ಮುಂಚೆ ಪಕ್ಷವೇ ಎರಡಾಯಿತು.

ಕ್ವೀನ್ಸ್_ಕೃಷ್ಣ
ಅದ್ಭುತ ಮೇಷ್ಟ್ರೇ. ನಮ್ಮಲ್ಲಿ 2025ರ ಮೇಯರ್ ಪ್ರೈಮರಿಯಲ್ಲಿ ಉಲ್ಟಾ ಆಯಿತು. ಜೊಹ್ರಾನ್ ಮಮ್ದಾನಿ ಮತ್ತು ಬ್ರ್ಯಾಡ್ ಲ್ಯಾಂಡರ್ ಎದುರಾಳಿಗಳಾಗಿದ್ದರೂ ಒಬ್ಬರಿಗೊಬ್ಬರು "ನಮ್ಮ ಎರಡನೆಯದು ಇವರಿಗೆ" ಅಂತ ಬಹಿರಂಗವಾಗಿ ಹೇಳಿ ಜೊತೆಗೇ ಪ್ರಚಾರ ಮಾಡಿದರು. ಎಣಿಕೆ ಪೂರ್ತಿ ಆಗುವ ಮೊದಲೇ, ಮತದಾನದ ರಾತ್ರಿಯೇ ಆ್ಯಂಡ್ರೂ ಕ್ವೋಮೊ ಸೋಲು ಒಪ್ಪಿಕೊಂಡರು. ಕೊನೆಯಲ್ಲಿ ಮಮ್ದಾನಿ ಶೇ 56, ಕ್ವೋಮೊ 44. ಗಮನಿಸಿ, ಇದು ಪ್ರೈಮರಿಯಲ್ಲಿ ಮಾತ್ರ. ನವೆಂಬರ್‌ನ ಚುನಾವಣೆಗೆ ಇಲ್ಲಿ ರ‍್ಯಾಂಕ್ ಇಲ್ಲ.

ಸಿಯಾಟಲ್_ಸೊಸೆ
ಇದೆಲ್ಲ ಓದಿ ಶನಿವಾರ ಮನೆಯಲ್ಲೇ ಒಂದು ಚುನಾವಣೆ ಮಾಡಿದೆ. ಗೆಳೆಯರು ಉಳಿದುಕೊಂಡಿದ್ದರು, ಒಟ್ಟು ಒಂಬತ್ತು ಜನ. ಭಾನುವಾರದ ತಿಂಡಿ ಏನು? ಅಭ್ಯರ್ಥಿಗಳು ದೋಸೆ, ಇಡ್ಲಿ, ಚಿತ್ರಾನ್ನ. ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಮೂರು ಕಾಲಂ ಗೀಚಿ ಮತಪತ್ರ ಮಾಡಿದೆ. ಅತ್ತೆ ಮೂರು ಕಾಲಂನಲ್ಲೂ ದೋಸೆ ಅಂತಲೇ ಗುಂಡಗೆ ತುಂಬಿ ಮಡಚಿ ಕೊಟ್ಟರು. "ಮೂರು ಸಲ ಹಾಕಿದರೆ ಮೂರು ವೋಟು ಅಲ್ವೇನೇ" ಅಂದರು.

ಫಲಿತಾಂಶ: ದೋಸೆ 4, ಚಿತ್ರಾನ್ನ 3, ಇಡ್ಲಿ 2. ಇಡ್ಲಿ ಔಟ್. ಇಡ್ಲಿಯ ಇಬ್ಬರೂ ಎರಡನೆಯದು ಚಿತ್ರಾನ್ನ ಬರೆದಿದ್ದರು. ಚಿತ್ರಾನ್ನ 5, ದೋಸೆ 4. ಚಿತ್ರಾನ್ನ ಗೆದ್ದಿತು! ಅತ್ತೆ ಮರುಎಣಿಕೆ ಕೇಳಿದರು.

ಲೆಕ್ಕದ_ಲಿಂಗಣ್ಣ
ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ, ಈಗ ತಡೆಯೋಕೆ ಆಗಲಿಲ್ಲ. ಮೇಡಂ, ದೋಸೆಯವರ ಎರಡನೇ ಆಯ್ಕೆ ಏನಿತ್ತು? ಚಿತ್ರಾನ್ನದವರದ್ದು?

ಸಿಯಾಟಲ್_ಸೊಸೆ
ಅತ್ತೆ ಬಿಟ್ಟು ಎಲ್ಲರದ್ದೂ ಇಡ್ಲಿ.

ಲೆಕ್ಕದ_ಲಿಂಗಣ್ಣ
ಸಿಕ್ಕಿತು! ನಿಮ್ಮ ಮನೆಯಲ್ಲಿ ಬರ್ಲಿಂಗ್ಟನ್ ಆಗಿದೆ.

ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್, 2009ರ ಮೇಯರ್ ಚುನಾವಣೆ. ಮೊದಲ ಎಣಿಕೆಯಲ್ಲಿ ಕರ್ಟ್ ರೈಟ್ 2,951, ಬಾಬ್ ಕಿಸ್ 2,585, ಆ್ಯಂಡಿ ಮಾಂಟ್ರೋಲ್ 2,063. ಮಾಂಟ್ರೋಲ್ ಔಟ್, ಕೊನೆಗೆ ಕಿಸ್ 4,313, ರೈಟ್ 4,061. ಕಿಸ್ ಮೇಯರ್. ಆದರೆ ಮತಪತ್ರ ಬಿಡಿಸಿ ನೋಡಿದರೆ, ಮಾಂಟ್ರೋಲ್ ಎದುರು ಒಬ್ಬೊಬ್ಬರನ್ನೇ ನಿಲ್ಲಿಸಿದರೆ ಇಬ್ಬರನ್ನೂ ಅವರು ಸೋಲಿಸುತ್ತಿದ್ದರು. ಹೆಚ್ಚು ಜನಕ್ಕೆ ಒಪ್ಪಿಗೆಯಾದವರು ಮೊದಲು ಹೊರಗೆ ಬಿದ್ದರು. ಮಾರನೇ ವರ್ಷ ಊರವರು ಪದ್ಧತಿಯನ್ನೇ ತೆಗೆದರು. ಕೌನ್ಸಿಲ್‌ಗೆ ಅಂತ 2021ರಲ್ಲಿ ಮತ್ತೆ ಒಪ್ಪಿದರು, 2023ರಲ್ಲಿ ಮೇಯರ್‌ಗೂ.

ನಿಮ್ಮಲ್ಲಿ ಇಡ್ಲಿಯೇ ಮಾಂಟ್ರೋಲ್. ಇಡ್ಲಿ-ದೋಸೆ ಇಬ್ಬರೇ ನಿಂತರೆ ಇಡ್ಲಿಗೆ 5, ದೋಸೆಗೆ 4. ಇಡ್ಲಿ-ಚಿತ್ರಾನ್ನ ನಿಂತರೆ ಇಡ್ಲಿಗೆ 5, ಚಿತ್ರಾನ್ನಕ್ಕೆ 3, ಅತ್ತೆಯವರ ಮತ ಉದುರುತ್ತೆ. ಎರಡರಲ್ಲೂ ಇಡ್ಲಿ.

ಈಗ ಯಜಮಾನರ ಕಲ್ಲು. ಎರಡನೆಯದು ಬರೆದರೆ ಮೊದಲನೆಯದಕ್ಕೆ ಪೆಟ್ಟಿಲ್ಲ ಅಂತ ಊರ್ಮಿಳಾ ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ಮೊದಲನೆಯದನ್ನು ಪ್ರಾಮಾಣಿಕವಾಗಿ ಬರೆದದ್ದೇ ಪೆಟ್ಟಾಗಬಹುದು! ಚಿತ್ರಾನ್ನ ಬೇಡವೇ ಬೇಡ ಅನ್ನುವ ದೋಸೆಯ ಇಬ್ಬರು ಸುಳ್ಳು ಹೇಳಿ ಇಡ್ಲಿಯನ್ನು ಮೊದಲು ಬರೆದಿದ್ದರೆ ಇಡ್ಲಿ 4, ಚಿತ್ರಾನ್ನ 3, ದೋಸೆ 2. ದೋಸೆ ಔಟ್, ಇಡ್ಲಿ ಗೆಲ್ಲುತ್ತಿತ್ತು. ಇದು ದಿನಾ ಆಗೋದಿಲ್ಲ, ಮೂವರೂ ಬಲವಾಗಿದ್ದಾಗ ಆಗುತ್ತೆ. ಸುಳ್ಳು ಹೇಳಬೇಕಾಗೋದೇ ಇಲ್ಲ ಅಂತ ಮಾರುವವರನ್ನು ಮಾತ್ರ ನಂಬಬೇಡಿ.

ಟಕೋಮ_ತಮ್ಮಯ್ಯ
ಇಲ್ಲಿ ಸಿಯಾಟಲ್‌ನ ಎರಡು ಸುತ್ತಿನ ರೀತಿಯಲ್ಲೂ ಇಡ್ಲಿ ಆಗಸ್ಟ್‌ಗೇ ಮನೆಗೆ. ನವೆಂಬರ್‌ಗೆ ದೋಸೆ ವರ್ಸಸ್ ಚಿತ್ರಾನ್ನ.

ಇನ್ನೊಂದು, ನಮ್ಮ ರಾಜ್ಯದಲ್ಲಿ ಎಲ್ಲರೂ ಅಂಚೆಯಲ್ಲಿ ಮತ ಹಾಕೋದು. ಮತಗಟ್ಟೆಗೆ ಹೋದರೆ ಒಂದೇ ಕಾಲಂನಲ್ಲಿ ಇಬ್ಬರಿಗೆ ತುಂಬಿದಾಗ ಯಂತ್ರ ಕೀಂ ಅಂತ ವಾಪಸ್ ಕೊಡುತ್ತೆ. ಲಕೋಟೆ ಕೀಂ ಅನ್ನೋದಿಲ್ಲ. ಅಡುಗೆಮನೆ ಮೇಜಿನ ಮೇಲೆ ಆದ ತಪ್ಪು ಹಾಗೇ ಹೋಗುತ್ತೆ. ಜೊತೆಗೆ ಕೊನೇ ದಿನದ ಮುದ್ರೆ ಬಿದ್ದ ಲಕೋಟೆಗಳು ಎಷ್ಟೋ ದಿನ ಬರುತ್ತಲೇ ಇರುತ್ತವೆ. ಅವೆಲ್ಲ ಬರುವ ತನಕ ಯಾರು ಮೊದಲು ಔಟಾಗಬೇಕು ಅನ್ನೋದೇ ಖಾತ್ರಿ ಇರೋದಿಲ್ಲ. ಪಾಠಕ್ಕೆ ಅಂತ ದುಡ್ಡು ಇಟ್ಟರೆ ಅಡುಗೆಮನೆ ಮೇಜಿಗೇ ಇಡಲಿ.

ಹಳೇ_ಹುಲಿ
ತಮ್ಮಯ್ಯನವರು ಹೇಳಿದ್ದಕ್ಕೆ ನನ್ನ ಮೊದಲ ಪ್ರಾಶಸ್ತ್ಯ. ಅತ್ತೆಯವರಿಗೆ ಎರಡನೆಯದು.

ಓಕ್ಲೆಂಡ್_ಊರ್ಮಿಳಾ
ಅತ್ತೆಯವರ ಮತ ಸಿಂಧು ಅಂತ ಹೇಳಿಬಿಡಿ ಸೊಸೆಯವರೇ. ಮೂರೂ ಕಡೆ ಒಬ್ಬರಿಗೇ ಹಾಕಿದರೆ ಒಂದೇ ಅಂತ ಎಣಿಸುತ್ತಾರೆ, ಬಿಸಾಡೋದಿಲ್ಲ. ನಮ್ಮಮ್ಮನೂ ಐದಕ್ಕೆ ಐದೂ ಒಬ್ಬರಿಗೇ ತುಂಬುತ್ತಾರೆ.

ಸಿಯಾಟಲ್_ಸೊಸೆ
ಹೇಳಿದೆ. "ಹಾಗಾದರೆ ಉಳಿದ ಎರಡು ವೋಟು ಯಾರು ತಿಂದರು" ಅಂದರು.

ಮಲೆನಾಡ_ಮಾಣಿ
ಕೊನೆಗೆ ಭಾನುವಾರ ಚಿತ್ರಾನ್ನ ಆಯ್ತಾ ಇಲ್ವಾ?

ಸಿಯಾಟಲ್_ಸೊಸೆ
ಇಲ್ಲ. ನಾವೆಲ್ಲ ಏಳುವ ಹೊತ್ತಿಗೆ ಅತ್ತೆ ಇಡ್ಲಿ ಬೇಯಿಸಿಟ್ಟಿದ್ದರು. ಮನೆಯಲ್ಲಿ ನಿಂಬೆಹಣ್ಣು ಇರಲಿಲ್ಲವಂತೆ.

ಜಯನಗರ_ಜಾಣ
ಆಡಳಿತಾಧಿಕಾರಿ ನೇಮಕ ಅನ್ನಿ.